ತಪ್ಪು ಒಪ್ಪಿಕೊಂಡ ಸೇನಾನಿ: ಬೆಳಗಾವಿಯಿಂದ ಬರ್ಮಾದವರೆಗೆ ಜನರಲ್ ಸ್ಲಿಮ್

1939ರ ಜೂನ್ ತಿಂಗಳು. ಬೆಳಗಾವಿಯಲ್ಲಿದ್ದ ಹಿರಿಯ ಸೇನಾಧಿಕಾರಿಗಳ ತರಬೇತಿ ಶಾಲೆಗೆ ಹೊಸ ಮುಖ್ಯಸ್ಥರೊಬ್ಬರು ಬಂದರು. ವಯಸ್ಸು 47. ಅಗಲವಾದ ದವಡೆ, ಕಡಿಮೆ ಮಾತು. ಹಿಂದಿನ ಮಹಾಯುದ್ಧದಲ್ಲಿ ಎರಡು ಸಲ ಗಾಯಗೊಂಡಿದ್ದ ಅವರ ಹೆಸರು ಆಗ ಸೈನ್ಯದ ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿರಲಿಲ್ಲ.

ಅವರೇ ವಿಲಿಯಂ ಸ್ಲಿಮ್. ಬೆಳಗಾವಿಯಲ್ಲಿ ಅವರು ಇದ್ದದ್ದು ಕೆಲವೇ ತಿಂಗಳು. ಸೆಪ್ಟೆಂಬರ್‌ನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಮುಂದಿನ ಆರು ವರ್ಷಗಳಲ್ಲಿ ಸುಡಾನ್, ಎರಿಟ್ರಿಯಾ, ಇರಾಕ್, ಸಿರಿಯಾ, ಇರಾನ್, ಬರ್ಮಾ ಎಂದು ಒಂದಾದ ಮೇಲೊಂದು ರಣರಂಗದಲ್ಲಿ ಅವರು ಭಾರತೀಯ ಸೈನಿಕರನ್ನು ಮುನ್ನಡೆಸಿದರು. ಆದರೆ ಈ ಯುದ್ಧದಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಗೆಲುವಲ್ಲ, ಸೋಲು.

ಗುಮಾಸ್ತ, ಮೇಷ್ಟರು, ಸೈನಿಕ

ಸ್ಲಿಮ್ ಹುಟ್ಟಿದ್ದು 1891ರ ಆಗಸ್ಟ್ 6ರಂದು, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ತಂದೆಯದು ಕಬ್ಬಿಣದ ಸಾಮಾನಿನ ವ್ಯಾಪಾರ. ಕುಟುಂಬ ಬರ್ಮಿಂಗ್‌ಹ್ಯಾಮ್‌ಗೆ ಬಂದ ಮೇಲೆ ಕೈ ಬಿಗಿಯಾಯಿತು. ಆ ಕಾಲದಲ್ಲಿ ಬ್ರಿಟಿಷ್ ಸೈನ್ಯದ ಅಧಿಕಾರಿಯಾಗಲು ಮನೆಯಲ್ಲಿ ಹಣ ಇರಬೇಕಿತ್ತು. ಅದಿಲ್ಲದ ಸ್ಲಿಮ್ ಬಡ ಮಕ್ಕಳ ಶಾಲೆಯಲ್ಲಿ ಪಾಠ ಹೇಳಿದರು, ಆಮೇಲೆ ಉಕ್ಕಿನ ಕೊಳವೆ ತಯಾರಿಸುವ ಕಂಪನಿಯೊಂದರಲ್ಲಿ ಗುಮಾಸ್ತರಾದರು.

1914ರಲ್ಲಿ ಮೊದಲ ಮಹಾಯುದ್ಧ ಬಂದಾಗ ಬಾಗಿಲು ತೆರೆಯಿತು. 1915ರಲ್ಲಿ ಟರ್ಕಿಯ ಗಲ್ಲಿಪೋಲಿಯಲ್ಲಿ ತೀವ್ರವಾಗಿ ಗಾಯಗೊಂಡರು. ಅಲ್ಲಿ ಪಕ್ಕದಲ್ಲೇ ಹೋರಾಡುತ್ತಿದ್ದ ಗೂರ್ಖಾ ಸೈನಿಕರು ಅವರ ಮನಸ್ಸಿನಲ್ಲಿ ಉಳಿದರು. 1917ರಲ್ಲಿ ಈಗಿನ ಇರಾಕ್‌ನಲ್ಲಿ ಮತ್ತೆ ಗಾಯ. ಚಿಕಿತ್ಸೆಗೆಂದು ಭಾರತಕ್ಕೆ ಬಂದವರು ಭಾರತೀಯ ಸೇನೆಗೇ ಸೇರಿ, 1920ರಲ್ಲಿ ಗೂರ್ಖಾ ರೈಫಲ್ಸ್‌ಗೆ ಹೋದರು. ಸೈನಿಕರ ಜೊತೆ ಉರ್ದು ಮತ್ತು ಗೂರ್ಖಾಲಿಯಲ್ಲೇ ಮಾತನಾಡುವುದನ್ನು ಕಲಿತರು. ಸಂಬಳ ಸಾಲದೆ, ಬೇರೆ ಹೆಸರಿನಲ್ಲಿ ಪತ್ರಿಕೆಗಳಿಗೆ ಕಥೆ ಬರೆದೂ ಹಣ ಸಂಪಾದಿಸಿದರು.

ಗಡಿ ಹಳ್ಳದ ಆಚೆ ಈಚೆ

ಸುಡಾನ್ ಮತ್ತು ಇಥಿಯೋಪಿಯಾ ಗಡಿಯಲ್ಲಿ ಗಲಾಬತ್ ಮತ್ತು ಮೆಟೆಮ್ಮಾ ಎಂಬ ಎರಡು ಊರುಗಳಿವೆ. ನಡುವೆ ಒಂದು ಒಣ ಹಳ್ಳ, ಅದೇ ಗಡಿ. 1940ರಲ್ಲಿ ಎರಡೂ ಕಡೆ ಇಟಲಿಯ ಸೈನ್ಯ ಕುಳಿತಿತ್ತು. ನವೆಂಬರ್ 6ರಂದು ಬ್ರಿಗೇಡಿಯರ್ ಸ್ಲಿಮ್ ಅವರ 10ನೇ ಭಾರತೀಯ ಬ್ರಿಗೇಡ್ ದಾಳಿ ಮಾಡಿ ಗಲಾಬತ್ ಕೋಟೆಯನ್ನು ಹಿಡಿಯಿತು. ಹಳ್ಳ ದಾಟಿ ಮೆಟೆಮ್ಮಾ ಹಿಡಿಯುವುದಷ್ಟೇ ಬಾಕಿ.

ಆದರೆ ಕಲ್ಲು ನೆಲ ಮತ್ತು ನೆಲಬಾಂಬುಗಳಿಂದ ಟ್ಯಾಂಕುಗಳು ಕೆಟ್ಟು ನಿಂತವು. ಇಟಲಿಯ ವಿಮಾನಗಳು ಮೇಲಿಂದ ಬಾಂಬು ಸುರಿದವು. ಒಂದು ತುಕಡಿಯಲ್ಲಿ ಗಾಬರಿ ಹಬ್ಬಿತು. ಇನ್ನೊಂದು ಸಲ ನುಗ್ಗುವುದೋ, ಹಿಂದೆ ಸರಿಯುವುದೋ? ಸ್ಲಿಮ್ ಹಿಂದೆ ಸರಿಯಲು ಆಜ್ಞೆ ಕೊಟ್ಟರು.

ಆಗ ಅವರನ್ನು ಯಾರೂ ದೊಡ್ಡದಾಗಿ ದೂರಲಿಲ್ಲ. ಟ್ಯಾಂಕು, ವಿಮಾನ, ತುಕಡಿ ಎಂದು ನೆಪ ಹೇಳಲು ಬೇಕಾದಷ್ಟಿತ್ತು. ಆದರೆ ವರ್ಷಗಳ ನಂತರ ತಮ್ಮ ಪುಸ್ತಕದಲ್ಲಿ ಈ ಪ್ರಸಂಗವನ್ನು ಬರೆಯುವಾಗ ಅವರು ತಪ್ಪನ್ನು ತಮ್ಮ ತಲೆಗೇ ಹಾಕಿಕೊಂಡರು. ಎರಡು ದಾರಿಗಳಲ್ಲಿ ಧೈರ್ಯದ ದಾರಿಯನ್ನು ಬಿಟ್ಟು, ತಮ್ಮ ಭಯದ ಮಾತು ಕೇಳಿದ್ದಾಗಿ ಒಪ್ಪಿಕೊಂಡರು.

ಎರಡು ತಿಂಗಳಲ್ಲಿ, 1941ರ ಜನವರಿಯಲ್ಲಿ, ಎರಿಟ್ರಿಯಾದಲ್ಲಿ ಶತ್ರು ವಿಮಾನದ ಗುಂಡಿಗೆ ಅವರು ಮೂರನೇ ಸಲ ಗಾಯಗೊಂಡರು.

ಮರುಭೂಮಿ ಮತ್ತು ಕೊಡಗಿನ ಅಧಿಕಾರಿ

ಗುಣವಾದ ಮೇಲೆ ಇರಾಕ್‌ನಲ್ಲಿ 10ನೇ ಭಾರತೀಯ ಡಿವಿಜನ್ ಅವರ ಕೈಗೆ ಬಂತು. ಇದೇ ಡಿವಿಜನ್‌ನ ಸರಬರಾಜು ವಿಭಾಗದಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ ಕೆಲಸ ಮಾಡಿದರು. ಮುಂದೆ ಸ್ವತಂತ್ರ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ಮುಖ್ಯಸ್ಥರಾದವರು ಅವರೇ.

1941ರ ಜುಲೈ ಆರಂಭ. ಸಿರಿಯಾದ ಯೂಫ್ರೆಟಿಸ್ ನದಿ ದಂಡೆಯಲ್ಲಿರುವ ದೇರ್ ಎಜ್ ಜೋರ್ ಪಟ್ಟಣವನ್ನು ಹಿಡಿಯಬೇಕಿತ್ತು. ನೇರ ರಸ್ತೆಯಲ್ಲಿ ಶತ್ರು ಕಾದಿದ್ದ. ಸ್ಲಿಮ್ ಒಂದು ತುಕಡಿಯನ್ನು ಮರುಭೂಮಿಯಲ್ಲಿ ದೂರ ಸುತ್ತಿಸಿ ಹಿಂದಿನಿಂದ ಕಳಿಸಲು ನಿರ್ಧರಿಸಿದರು. ಪೆಟ್ರೋಲ್ ಸಾಲದು ಎಂಬ ಭಯವಿತ್ತು. ಉಳಿದ ವಾಹನಗಳ ಟ್ಯಾಂಕಿನಿಂದ ಪೆಟ್ರೋಲ್ ತೆಗೆದು ಆ ತುಕಡಿಗೆ ಕೊಟ್ಟರು. ಜುಲೈ 3ರಂದು ಪಟ್ಟಣ ಕೈಗೆ ಬಂತು. ಗಲಾಬತ್ ಸೋಲು ಕಳೆದು ಆಗ ಎಂಟು ತಿಂಗಳೂ ಆಗಿರಲಿಲ್ಲ.

900 ಮೈಲಿ ಹಿಂದಕ್ಕೆ

1942ರ ಮಾರ್ಚ್‌ನಲ್ಲಿ ಅವರನ್ನು ಬರ್ಮಾಕ್ಕೆ ಕರೆಸಲಾಯಿತು. ಅಷ್ಟರಲ್ಲಿ ರಂಗೂನ್ ಜಪಾನೀಯರ ವಶವಾಗಿತ್ತು. ಬಂದರು ಹೋದ ಮೇಲೆ ಮದ್ದುಗುಂಡು, ಹೊಸ ಸೈನಿಕರು, ಔಷಧ ಯಾವುದೂ ಸಮುದ್ರದಿಂದ ಬರುವಂತಿರಲಿಲ್ಲ. ಶತ್ರುವಿಗೆ ಸಿಗಬಾರದೆಂದು ಯೆನಂಗ್ಯಾಂಗ್‌ನ ಎಣ್ಣೆ ಬಾವಿಗಳನ್ನು ತಾವೇ ನಾಶಮಾಡಿ, ಸುಮಾರು 900 ಮೈಲಿ ಹಿಂದೆ ಸರಿದು, ಮೇ ತಿಂಗಳ ಮಳೆಯಲ್ಲಿ ಮಣಿಪುರ ತಲುಪಿದರು. ಬ್ರಿಟಿಷ್ ಸೈನ್ಯದ ಇತಿಹಾಸದಲ್ಲೇ ಇದು ಅತಿ ಉದ್ದದ ಹಿಮ್ಮೆಟ್ಟುವಿಕೆ. ಬರ್ಮಾದಲ್ಲಿ ದುಡಿಯಲು ಹೋಗಿದ್ದ ಲಕ್ಷಾಂತರ ಭಾರತೀಯರೂ ಆ ದಿನಗಳಲ್ಲಿ ಊರು ಬಿಟ್ಟು ಹೊರಟರು. ಸಾವಿರಾರು ಜನ ಕಾಡುದಾರಿಯಲ್ಲೇ ಹಸಿವು, ರೋಗದಿಂದ ಸತ್ತರು.

ಸೋತಿದ್ದೇಕೆ ಎಂದು ಸ್ಲಿಮ್ ಕುಳಿತು ಲೆಕ್ಕ ಹಾಕಿದರು. ತಮ್ಮ ಸೈನ್ಯ ಮೋಟಾರು ರಸ್ತೆಯನ್ನೇ ನಂಬಿಕೊಂಡಿತ್ತು. ಜಪಾನೀಯರು ಕಾಡಿನಲ್ಲಿ ಸುತ್ತಿ ಬಂದು ಹಿಂದಿನ ರಸ್ತೆ ಕಡಿಯುತ್ತಿದ್ದರು. ರಸ್ತೆ ಕಡಿದ ಕೂಡಲೇ ಎಲ್ಲರೂ ಹಿಂದೆ ಓಡುತ್ತಿದ್ದರು. ಇದಕ್ಕೆ ಮದ್ದು ಒಂದೇ: ಸುತ್ತುವರಿದರೂ ಜಾಗ ಬಿಡಬಾರದು, ಊಟ ಮತ್ತು ಮದ್ದುಗುಂಡು ಆಕಾಶದಿಂದ ಬರಬೇಕು.

ಸೊಳ್ಳೆ, ಸೆಣಬು, ಅರ್ಧ ಊಟ

1943ರ ಅಕ್ಟೋಬರ್‌ನಲ್ಲಿ ಅವರು 14ನೇ ಸೈನ್ಯದ ಮುಖ್ಯಸ್ಥರಾದರು. ಸೈನಿಕರಲ್ಲಿ ಹೆಚ್ಚಿನವರು ಭಾರತೀಯರು. ಗೂರ್ಖಾ, ಬ್ರಿಟಿಷ್, ಆಫ್ರಿಕಾದ ಸೈನಿಕರೂ ಇದ್ದರು. ಯುರೋಪಿನ ಸುದ್ದಿಯ ಅಬ್ಬರದಲ್ಲಿ ಇವರನ್ನು ಕೇಳುವವರಿಲ್ಲದೆ ಮರೆತುಹೋದ ಸೈನ್ಯ ಎಂಬ ಹೆಸರೇ ಬಿದ್ದಿತ್ತು.

ಆ ವರ್ಷ ಗುಂಡು ತಗುಲಿದ ಒಬ್ಬ ಸೈನಿಕನಿಗೆ ರೋಗದಿಂದ ಬಿದ್ದ 120 ಮಂದಿಯನ್ನು ಹಿಂದಕ್ಕೆ ಸಾಗಿಸಬೇಕಾಗಿತ್ತು. ಮಲೇರಿಯಾವೇ ಮುಖ್ಯ ಶತ್ರು. ಮೆಪಾಕ್ರಿನ್ ಮಾತ್ರೆ ಇತ್ತು, ನುಂಗುವವರಿರಲಿಲ್ಲ. ಸ್ಲಿಮ್ ಮುನ್ಸೂಚನೆ ಇಲ್ಲದೆ ರಕ್ತ ತಪಾಸಣೆ ಮಾಡಿಸಿದರು. ನೂರಕ್ಕೆ 95 ಜನರ ರಕ್ತದಲ್ಲಿ ಮಾತ್ರೆಯ ಗುರುತು ಸಿಗದಿದ್ದರೆ ಶಿಕ್ಷೆ ಸೈನಿಕನಿಗಲ್ಲ, ಅವನ ಕಮಾಂಡರ್‌ಗೆ. ಮೂವರು ಹುದ್ದೆ ಕಳೆದುಕೊಳ್ಳುವಷ್ಟರಲ್ಲಿ ಉಳಿದವರಿಗೆ ಅರ್ಥವಾಯಿತು. ರೋಗಿಗಳ ಸಂಖ್ಯೆ ಇಳಿಯುತ್ತಾ ಬಂತು.

ವಿಮಾನದಿಂದ ಸಾಮಾನು ಇಳಿಸಲು ರೇಷ್ಮೆಯ ಪ್ಯಾರಾಚೂಟ್ ಸಾಲುತ್ತಿರಲಿಲ್ಲ. ಕಲ್ಕತ್ತಾದ ಸೆಣಬಿನ ಗಿರಣಿಗಳ ನೆರವಿನಿಂದ ಸೆಣಬಿನ ಪ್ಯಾರಾಚೂಟ್ ತಯಾರಾಯಿತು. ರೇಷ್ಮೆಯದರ ಇಪ್ಪತ್ತರಲ್ಲಿ ಒಂದು ಪಾಲು ಬೆಲೆಗೆ ಕೆಲಸ ನಡೆಯಿತು. ಮುಂದಿನ ತುಕಡಿಗಳಿಗೆ ಅರ್ಧ ಊಟವಾದ ದಿನ ತಮ್ಮ ಮುಖ್ಯ ಕಚೇರಿಗೂ ಅರ್ಧ ಊಟವೇ ಎಂದು ಸ್ಲಿಮ್ ನಿಯಮ ಮಾಡಿದರು. ಜೀಪಿನ ಮುಂಭಾಗದ ಮೇಲೆ ನಿಂತು ಸೈನಿಕರ ಜೊತೆ ಮಾತನಾಡುವುದು ಅವರ ರೂಢಿಯಾಯಿತು.

ಇಂಫಾಲ, ಕೊಹಿಮಾ

1944ರ ಮಾರ್ಚ್‌ನಲ್ಲಿ ಜಪಾನಿನ ಜನರಲ್ ಮುತಗುಚಿ ಸುಮಾರು 85,000 ಸೈನಿಕರೊಂದಿಗೆ ಭಾರತದೊಳಗೆ ನುಗ್ಗಿದರು. ಅವರ ಜೊತೆ ಸುಭಾಷ್‌ಚಂದ್ರ ಬೋಸ್ ಅವರ ಆಜಾದ್ ಹಿಂದ್ ಫೌಜ್ ಕೂಡ ಇತ್ತು. ಹೀಗೆ ಆ ಬೆಟ್ಟಗಳಲ್ಲಿ ಎರಡೂ ಕಡೆ ಭಾರತೀಯರೇ ಪ್ರಾಣ ಕೊಟ್ಟರು. ಒಬ್ಬರು ತಿಂದ ಉಪ್ಪಿಗಾಗಿ, ಇನ್ನೊಬ್ಬರು ಸ್ವಾತಂತ್ರ್ಯಕ್ಕಾಗಿ.

ಇಲ್ಲೂ ಸ್ಲಿಮ್ ಲೆಕ್ಕ ತಪ್ಪಿತು. ಕೊಹಿಮಾಗೆ ಹೆಚ್ಚೆಂದರೆ ಒಂದು ರೆಜಿಮೆಂಟ್ ಬರಬಹುದು ಎಂದುಕೊಂಡಿದ್ದರು, ಬಂದದ್ದು ಇಡೀ ಡಿವಿಜನ್. ಅಲ್ಲಿ ಸುಮಾರು 1,500 ಸೈನಿಕರು ಎರಡು ವಾರ ಮುತ್ತಿಗೆ ತಡೆದರು. ಸ್ಲಿಮ್ ಮಾಡಿದ ತಪ್ಪಿನ ಬೆಲೆ ತೆತ್ತವರು ಅವರು. ಇದನ್ನೂ ಅವರು ಪುಸ್ತಕದಲ್ಲಿ ಮುಚ್ಚಿಡಲಿಲ್ಲ. ತಪ್ಪು ತಿದ್ದಲು ಒಂದು ಡಿವಿಜನ್ನನ್ನೇ ತೋಪು, ಹೇಸರಗತ್ತೆ ಸಹಿತ ಅರಾಕಾನ್‌ನಿಂದ ವಿಮಾನದಲ್ಲಿ ತರಿಸಲಾಯಿತು. ಜೂನ್ 22ರಂದು ಇಂಫಾಲ ರಸ್ತೆ ತೆರೆಯಿತು. ಜಪಾನಿನ ಸೈನ್ಯ ಸತ್ತವರು, ಗಾಯಗೊಂಡವರು ಸೇರಿ ಅರ್ಧಕ್ಕಿಂತ ಹೆಚ್ಚು ಜನರನ್ನು ಕಳೆದುಕೊಂಡು ಹಿಂದಿರುಗಿತು.

ನದಿ ದಾಟಿ ರಂಗೂನ್‌ಗೆ

ಜಪಾನೀಯರು ಐರಾವತಿ ನದಿಯ ಆಚೆ ನಿಂತರು. ಸ್ಲಿಮ್ ಮಾಂಡಲೆಯ ಎದುರು ಸೈನ್ಯ ತೋರಿಸಿ, ಇನ್ನೊಂದು ಕೋರ್‌ನ್ನು ಗುಟ್ಟಾಗಿ ದಕ್ಷಿಣಕ್ಕೆ ಕಳಿಸಿದರು. ಹಳೆಯ ಜಾಗದಿಂದ ಸುಳ್ಳು ವೈರ್‌ಲೆಸ್ ಸಂದೇಶಗಳು ಹೋಗುತ್ತಲೇ ಇದ್ದವು. 1945ರ ಫೆಬ್ರವರಿಯಲ್ಲಿ ಆ ಪಡೆ ನದಿ ದಾಟಿ, ಮಾರ್ಚ್ ಆರಂಭದಲ್ಲಿ ಶತ್ರುವಿನ ಸರಬರಾಜಿನ ಗಂಟಲಾದ ಮೆಯ್ಕ್‌ಟಿಲಾ ಹಿಡಿಯಿತು. ಮಾರ್ಚ್ 20ಕ್ಕೆ ಮಾಂಡಲೆ, ಮೇ ಮೊದಲ ವಾರ ಮಳೆ ಶುರುವಾಗುವ ಹೊತ್ತಿಗೆ ರಂಗೂನ್ ಕೈಗೆ ಬಂತು.

ಅದೇ ವರ್ಷ ಜನವರಿಯಲ್ಲಿ ಅರಾಕಾನ್ ಕರಾವಳಿಯ ಕಂಗಾವ್‌ನಲ್ಲಿ ಬೇರೊಂದು ಪಡೆ ಘೋರ ಯುದ್ಧ ಮಾಡಿತ್ತು. ಅಲ್ಲಿ ಒಂದು ಬ್ರಿಗೇಡ್‌ನ ಮೂರು ಬೆಟಾಲಿಯನ್‌ಗಳನ್ನೂ ಭಾರತೀಯರೇ ನಡೆಸಿದರು: ಕೊಡಗಿನ ತಿಮ್ಮಯ್ಯ, ಕೊಲ್ಹಾಪುರ ಕಡೆಯ ಥೋರಾತ್, ಬಂಗಾಳದ ಸೇನ್.

ಕೊನೆಗೆ

1948ರಲ್ಲಿ ಸ್ಲಿಮ್ ಬ್ರಿಟಿಷ್ ಸೈನ್ಯದ ಅತ್ಯುನ್ನತ ಹುದ್ದೆಗೇರಿದರು. ಭಾರತೀಯ ಸೇನೆಯಿಂದ ಬಂದವರಿಗೆ ಆ ಹುದ್ದೆ ಸಿಕ್ಕಿದ್ದು ಅದೇ ಮೊದಲು. 1953ರಿಂದ 1960ರವರೆಗೆ ಆಸ್ಟ್ರೇಲಿಯಾದ ಗವರ್ನರ್ ಜನರಲ್ ಆಗಿದ್ದರು. ಆ ಕಾಲದ ಬಗ್ಗೆ, ಅವರು ತೀರಿಕೊಂಡು ದಶಕಗಳಾದ ಮೇಲೆ ಗಂಭೀರ ಆರೋಪ ಬಂತು. ಬ್ರಿಟನ್ನಿನಿಂದ ತಂದ ಮಕ್ಕಳನ್ನು ಇರಿಸಿದ್ದ ಶಾಲೆಗೆ ಬಂದಾಗ ಲೈಂಗಿಕ ಕಿರುಕುಳ ಕೊಟ್ಟಿದ್ದರೆಂದು ಅಲ್ಲಿ ಬೆಳೆದ ಕೆಲವರು ಹೇಳಿದರು. ಉತ್ತರಿಸಲು ಸ್ಲಿಮ್ ಇರಲಿಲ್ಲ, ನ್ಯಾಯಾಲಯದಲ್ಲಿ ವಿಚಾರಣೆಯೂ ಆಗಲಿಲ್ಲ. ಕ್ಯಾನ್‌ಬೆರಾದಲ್ಲಿ ಅವರ ಹೆಸರಿದ್ದ ರಸ್ತೆಗೆ ಬೇರೆ ಹೆಸರಿಡಲಾಯಿತು. ಅವರ ಜೀವನ ಹೇಳುವವರು ಇದನ್ನೂ ಬಿಡುವಂತಿಲ್ಲ.

1970ರ ಡಿಸೆಂಬರ್ 14ರಂದು ಸ್ಲಿಮ್ ಲಂಡನ್ನಿನಲ್ಲಿ ನಿಧನರಾದರು. 1956ರಲ್ಲಿ ಪ್ರಕಟವಾದ ಅವರ ಬರ್ಮಾ ಯುದ್ಧದ ಪುಸ್ತಕವನ್ನು ಸೈನಿಕ ಶಾಲೆಗಳಲ್ಲಿ ಇಂದಿಗೂ ಓದುತ್ತಾರೆ. ಗೆದ್ದವರು ಬರೆದ ಯುದ್ಧದ ಪುಸ್ತಕಗಳು ಬಹಳ ಇವೆ. ಎಲ್ಲಿ ತಪ್ಪಿದೆ, ಅದರಿಂದ ಯಾರು ಸತ್ತರು ಎಂದು ಗೆದ್ದವನೇ ಬರೆದಿಟ್ಟದ್ದು ಕಡಿಮೆ.