ಡಾಕ್ಟರ್ ರುಖ್ಮಾಬಾಯಿ

ಬೊಂಬಾಯಿಯಲ್ಲಿ 1864ರಲ್ಲಿ ಹುಟ್ಟಿದ ರುಖ್ಮಾಬಾಯಿಯು ತನ್ನ 11ನೆಯ ಪ್ರಾಯದಲ್ಲಿ, ಅಂದರೆ ನಮ್ಮ ಶಾಲೆಯ ಕೆಳಗಣ ತರಗತಿಗಳ ಮಕ್ಕಳ ಪ್ರಾಯದಲ್ಲಿ, ದಾದಾಜಿ ಭಿಕಾಜಿ ಎಂಬವನಿಗೆ ವಿವಾಹಮಾಡಿಕೊಡಲ್ಪಟ್ಟಳು. ಆಕೆಯ ಮಲತಂದೆಯಾದ ಸಖಾರಾಮ ಅರ್ಜುನರು ವೈದ್ಯರು. ಎಳೆಯ ಹುಡುಗಿಯರನ್ನು ದಾಂಪತ್ಯಕ್ಕೆ ನೂಕುವುದರಿಂದ ಉಂಟಾಗುವ ಹಾನಿಯನ್ನು ಬಲ್ಲವರು. ಆದುದರಿಂದ ಬಾಲೆಯು ತಾಯಿಯ ಮನೆಯಲ್ಲಿಯೇ ಉಳಿದು, ಮಿಶನ್ ಪುಸ್ತಕಾಲಯದ ಗ್ರಂಥಗಳನ್ನು ತರಿಸಿ ಓದುತ್ತ ಬೆಳೆದಳು.

1884ರಲ್ಲಿ ಗಂಡನು ಹೆಂಡತಿಯನ್ನು ತನಗೆ ಒಪ್ಪಿಸಬೇಕೆಂದು ಬೊಂಬಾಯಿ ಹೈಕೋರ್ಟಿನಲ್ಲಿ ದಾವೆ ಹೂಡಿದನು. ಬುದ್ಧಿ ತಿಳಿಯದ ಪ್ರಾಯದಲ್ಲಿ ಮದುವೆಯಾದವಳನ್ನು ಮನಸ್ಸಿಗೆ ವಿರೋಧವಾಗಿ ಕಳುಹಿಸುವುದು ಕ್ರೂರವೆಂದೆಣಿಸಿ ನ್ಯಾಯಾಧಿಪತಿ ಪಿನ್ಹೆಯವರು 1885ರಲ್ಲಿ ಅದನ್ನು ತಳ್ಳಿಹಾಕಿದರು. ಅಪೀಲಿನಲ್ಲಿ ಆ ತೀರ್ಪು ನಿಲ್ಲಲಿಲ್ಲ. 1887ರ ಮಾರ್ಚ್ ತಿಂಗಳಲ್ಲಿ, ಒಂದು ತಿಂಗಳೊಳಗೆ ಗಂಡನ ಮನೆಗೆ ಹೋಗಬೇಕು, ತಪ್ಪಿದರೆ 6 ತಿಂಗಳ ಸೆರೆ ಎಂಬ ಆಜ್ಞೆಯಾಯಿತು. ಆಕೆ ಸೆರೆಮನೆಗೆ ಹೋಗಲು ಸಿದ್ಧಳಾಗಿ ನಿಂತಳು. ಪತ್ರಿಕೆಗಳಲ್ಲೆಲ್ಲ ಆಕೆಯ ಹೆಸರು ಎಳೆದಾಡಲ್ಪಟ್ಟಿತು. ಕಡೆಗೆ 1888ರಲ್ಲಿ ಗಂಡನು 2000 ರೂಪಾಯಿ ಪಡೆದು ತನ್ನ ಹಕ್ಕನ್ನು ಬಿಟ್ಟನು. ಒಂದು ಹೆಣ್ಣಿನ ಬಿಡುಗಡೆಗೆ ಕಟ್ಟಿದ ಬೆಲೆ ಅಷ್ಟೇ!

1890ರಲ್ಲಿ ಕಲ್ಕತ್ತೆಯ ನ್ಯಾಯಸ್ಥಾನಕ್ಕೆ ಬಂದ ಮೊಕದ್ದಮೆಯಂತೂ ಇನ್ನೂ ದುಃಖಕರವಾದುದು. ಸುಮಾರು 11 ವರ್ಷದ ಬಾಲೆಯೊಬ್ಬಳು ಗಂಡನ ಬಲಾತ್ಕಾರದಿಂದ ಸತ್ತಿದ್ದಳು. ಹೆಂಡತಿಗೆ 10 ವರ್ಷ ತುಂಬಿದ್ದರೆ ಗಂಡನ ಮೇಲೆ ಅತ್ಯಾಚಾರದ ಅಪರಾಧ ಹೊರಿಸಲು ದಂಡಸಂಹಿತೆಯಲ್ಲಿ ಎಡೆಯಿರಲಿಲ್ಲವಾದ ಕಾರಣ ಅವನಿಗಾದುದು ಒಂದೇ ವರ್ಷದ ಕಠಿನ ಸಜೆ. ಈ ಎರಡು ವ್ಯಾಜ್ಯಗಳಿಂದ ಎದ್ದ ಚರ್ಚೆಯ ನಡುವೆ 1891ರ ಕಾನೂನು ಆ ಮೇರೆಯನ್ನು 12ಕ್ಕೆ ಏರಿಸಿತು. ಮಗುವು ಆರೋಪಿಯ ಮುಖ ಕಾಣದಂತೆಯೂ, ನೆರೆದ ಜನರ ಮುಂದಲ್ಲದೆ, ತಾನು ನಂಬಿದವರ ಸನ್ನಿಧಿಯಲ್ಲಿಯೂ ಸಾಕ್ಷಿ ನುಡಿಯಬಹುದೆಂಬ ವಿಧಿಯು 2012ರ ಪೋಕ್ಸೋ ಕಾಯಿದೆಯಿಂದ ಬಂತು. ಮಗುವಿನ ಹೆಸರನ್ನು ಪತ್ರಿಕೆಗಳು ಪ್ರಕಟಿಸಬಾರದೆಂದೂ ಅದು ವಿಧಿಸಿತು. ವಿವಾಹಿತೆಯಾದ ಬಾಲೆಗೂ 18 ವರ್ಷದ ವರೆಗೆ ಗಂಡನಿಂದ ರಕ್ಷಣೆ ಸಲ್ಲತಕ್ಕದ್ದೆಂದು ಸುಪ್ರೀಂ ಕೋರ್ಟು ತೀರ್ಮಾನಿಸಿದುದು 2017ರಲ್ಲಿ. ತಂದೆತಾಯಿಗಳು ಇದನ್ನು ತಿಳಿದಿರುವುದು ಉತ್ತಮ.

ಬಿಡುಗಡೆ ಹೊಂದಿದ ರುಖ್ಮಾಬಾಯಿಯು 1889ರಲ್ಲಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ವ್ಯಾಸಂಗಮಾಡಿ, 1894ರಲ್ಲಿ ವೈದ್ಯಳಾಗಿ ತೇರ್ಗಡೆಹೊಂದಿದಳು. ಬಳಿಕ ಸೂರತ್ತಿನಲ್ಲಿಯೂ ರಾಜಕೋಟೆಯಲ್ಲಿಯೂ ಸ್ತ್ರೀಯರ ಆಸ್ಪತ್ರೆಗಳಲ್ಲಿ ದೀರ್ಘಕಾಲ ಸೇವೆಗೈದ ಡಾಕ್ಟರ್ ರುಖ್ಮಾಬಾಯಿಯವರು 1955ರಲ್ಲಿ, ತಮ್ಮ 90ನೆಯ ಪ್ರಾಯದಲ್ಲಿ, ಬೊಂಬಾಯಿಯಲ್ಲಿ ತೀರಿಕೊಂಡರು.