ಒಂಬತ್ತು ಅಡುಗೆಮನೆಗಳ ಆಸ್ಪತ್ರೆ

ಮಕ್ಕಳೇ, ಬ್ರೈಟನ್ನಿನ ಕಡಲತೀರಕ್ಕೆ ಹೋದಾಗ ರಾಯಲ್ ಪೆವಿಲಿಯನ್ ನೋಡಿರುತ್ತೀರಿ. ಗುಮ್ಮಟ, ಮಿನಾರುಗಳ ಆ ಅರಮನೆಯನ್ನು ನಾಲ್ಕನೇ ಜಾರ್ಜ್ ದೊರೆಗಾಗಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ರೂಪಿಸಿದ. 1914ರ ಡಿಸೆಂಬರಿನಿಂದ 1916ರ ಆರಂಭದವರೆಗೆ ಅದು ಭಾರತೀಯ ಸೈನಿಕರ ಆಸ್ಪತ್ರೆಯಾಗಿತ್ತು.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್ ಮತ್ತು ಬೆಲ್ಜಿಯಂ ರಣರಂಗದಲ್ಲಿ ಗಾಯಗೊಂಡವರನ್ನು ಹಡಗಿನಲ್ಲಿ, ರೈಲಿನಲ್ಲಿ ಇಲ್ಲಿಗೆ ತರುತ್ತಿದ್ದರು. ಹೆಚ್ಚಿನವರು ಪಂಜಾಬ್, ಗಢವಾಲ್, ನೇಪಾಳದ ಕಡೆಯವರು. (ನಮ್ಮ ಮೈಸೂರು ಲ್ಯಾನ್ಸರ್ಸ್ ಪಡೆ ಹೋರಾಡಿದ್ದು ಬೇರೆ ಕಡೆ; 1918ರಲ್ಲಿ ಹೈಫಾ ನಗರ ಗೆದ್ದವರಲ್ಲಿ ಅವರೂ ಇದ್ದರು.) ದೊರೆಯ ದೊಡ್ಡ ಅಡುಗೆಮನೆಯೇ ಶಸ್ತ್ರಚಿಕಿತ್ಸೆಯ ಕೋಣೆಯಾಯಿತು. ಬೇರೆ ಬೇರೆ ಧರ್ಮ, ಜಾತಿಗಳ ರೋಗಿಗಳ ಊಟಕ್ಕೆ ಒಂಬತ್ತು ಅಡುಗೆಮನೆಗಳು ಎದ್ದವು. ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನೀರಿನ ನಲ್ಲಿ, ಉರ್ದು, ಹಿಂದಿ, ಗುರುಮುಖಿಯಲ್ಲಿ ಫಲಕಗಳು, ಅಂಗಳದಲ್ಲಿ ಸಿಖ್ಖರಿಗೆ ಡೇರೆಯ ಗುರುದ್ವಾರ.

ಈ ಆರೈಕೆ ನಿಜವಾದದ್ದು. ಆದರೆ ಇನ್ನೊಂದು ಮಾತನ್ನೂ ನೀವು ತಿಳಿದಿರಬೇಕು. ಸೈನಿಕರು ತಮಗಿಷ್ಟ ಬಂದಾಗ ಊರೊಳಗೆ ಓಡಾಡುವಂತಿರಲಿಲ್ಲ. ಅವರು ಮನೆಗೆ ಬರೆದ ಕಾಗದಗಳನ್ನು ಅಧಿಕಾರಿಗಳು ಮೊದಲು ಓದುತ್ತಿದ್ದರು. ಆಸ್ಪತ್ರೆಯ ಸೊಬಗನ್ನು ತೋರಿಸುವ ಪುಸ್ತಿಕೆ, ಚಿತ್ರಗಳನ್ನು ಅಚ್ಚು ಹಾಕಿಸಿದ ಸರ್ಕಾರಕ್ಕೆ ಭಾರತೀಯರ ನಿಷ್ಠೆ ಉಳಿಸಿಕೊಳ್ಳುವ ಚಿಂತೆಯೂ ಇತ್ತು. ಜೀವವನ್ನೇ ಒತ್ತೆಯಿಟ್ಟು ಹೋರಾಡಿದವರನ್ನು ಹೀಗೆ ಕಾವಲಿನಲ್ಲಿ ಇಟ್ಟದ್ದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಇಲ್ಲಿದ್ದವರಲ್ಲಿ ಜಮಾದಾರ್ ದರ್ಜೆಯ ಸೇನಾಧಿಕಾರಿ ಮೀರ್ ದಸ್ತ್ ಎಂಬವರ ಹೆಸರು ನೆನಪಿಡಿ. 1915ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಶತ್ರುಗಳು ವಿಷಾನಿಲ ಬಿಟ್ಟಾಗ ಅವರು ಅಲ್ಲೇ ನಿಂತು ತಮ್ಮವರನ್ನು ಒಟ್ಟುಗೂಡಿಸಿದರು. ಗುಂಡುಗಳ ನಡುವೆ ಎಂಟು ಮಂದಿ ಅಧಿಕಾರಿಗಳನ್ನು ಹೊತ್ತು ತರಲು ನೆರವಾದರು. ಅದೇ ವರ್ಷದ ಆಗಸ್ಟಿನಲ್ಲಿ ಐದನೇ ಜಾರ್ಜ್ ದೊರೆ ಈ ಪೆವಿಲಿಯನ್ನಿನಲ್ಲೇ ಅವರಿಗೆ ವಿಕ್ಟೋರಿಯಾ ಕ್ರಾಸ್ ಎಂಬ ಶೌರ್ಯ ಪದಕ ತೊಡಿಸಿದರು.

ಎಲ್ಲರೂ ಗುಣವಾಗಿ ಮರಳಲಿಲ್ಲ. ಬ್ರೈಟನ್ನಿನ ಆಸ್ಪತ್ರೆಗಳಲ್ಲಿ ತೀರಿಕೊಂಡ 53 ಹಿಂದೂ ಮತ್ತು ಸಿಖ್ ಸೈನಿಕರ ದಹನ ಪ್ಯಾಚಮ್ ಊರಿನ ಮೇಲಿನ ಗುಡ್ಡದಲ್ಲಿ ನಡೆಯಿತು. ಮುಸ್ಲಿಮರನ್ನು ವೋಕಿಂಗ್ ಮಸೀದಿಯ ಹತ್ತಿರ ಮಣ್ಣು ಮಾಡಿದರು. ದಹನವಾದ ಜಾಗದಲ್ಲಿ ‘ಛತ್ರಿ’ ಎಂಬ ಬಿಳಿ ಅಮೃತಶಿಲೆಯ ಸ್ಮಾರಕ 1921ರಲ್ಲಿ ಅನಾವರಣಗೊಂಡಿತು. ಆ ಸೈನಿಕರ ಹೆಸರುಗಳನ್ನು ಕೆತ್ತಿದ ಕಲ್ಲು ಅದರ ಪಕ್ಕಕ್ಕೆ ಬಂದದ್ದು 2010ರಲ್ಲಿ, ತೀರಾ ತಡವಾಗಿ.

ಪ್ರತಿ ಜೂನ್ ತಿಂಗಳಲ್ಲಿ ಅಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ. ಗುಡ್ಡವನ್ನು ನಡೆದೇ ಹತ್ತಬೇಕು, ಒಳ್ಳೆಯ ಬೂಟು ಹಾಕಿಕೊಳ್ಳಿ. ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಿ, ಆ 53 ಹೆಸರುಗಳನ್ನು ಗಟ್ಟಿಯಾಗಿ ಓದಿ ಬನ್ನಿ.