ತಾಳ್ಮೆಯ ಆಟಗಾರ ಜಾಕಿ ರಾಬಿನ್ಸನ್

ನಮ್ಮಲ್ಲಿ ಕ್ರಿಕೆಟ್ ಹೇಗೋ ಅಮೆರಿಕದಲ್ಲಿ ಬೇಸ್‌ಬಾಲ್ ಹಾಗೆ. ಆದರೆ ಸುಮಾರು ಅರುವತ್ತು ವರ್ಷಗಳ ಕಾಲ ಆ ಆಟದ ದೊಡ್ಡ ತಂಡಗಳಲ್ಲಿ ಕರಿಯ ಜನಾಂಗದವರಿಗೆ ಪ್ರವೇಶವಿರಲಿಲ್ಲ. ಮುಚ್ಚಿದ್ದ ಆ ಬಾಗಿಲನ್ನು ತೆರೆದ ಜಾಕಿ ರಾಬಿನ್ಸನ್ನರ ಜೀವನವನ್ನು ನಾವು ಇಲ್ಲಿ ಸಂಕ್ಷೇಪವಾಗಿ ತಿಳಿಯೋಣ.

ರಾಬಿನ್ಸನ್ನರು 1919ರ ಜನವರಿ 31ರಂದು ಜಾರ್ಜಿಯಾ ರಾಜ್ಯದ ಕೈರೋ ಎಂಬ ಊರಿನ ಬಡ ಕುಟುಂಬದಲ್ಲಿ ಜನಿಸಿದರು. ತಂದೆ ಸಂಸಾರವನ್ನು ತೊರೆದು ಹೋದರು. ತಾಯಿ ಮ್ಯಾಲಿ ಐವರು ಮಕ್ಕಳೊಂದಿಗೆ ಕ್ಯಾಲಿಫೋರ್ನಿಯಾದ ಪ್ಯಾಸಡೀನಾ ನಗರಕ್ಕೆ ಹೋಗಿ, ಪರರ ಮನೆಗೆಲಸ ಮಾಡಿ ಅವರನ್ನು ಸಾಕಿದರು. ಅಣ್ಣ ಮ್ಯಾಕ್ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಓಟದಲ್ಲಿ ಬೆಳ್ಳಿ ಪದಕ ಪಡೆದರು. ಜಾಕಿ ವಿಶ್ವವಿದ್ಯಾಲಯದಲ್ಲಿ ನಾಲ್ಕು ಆಟಗಳಲ್ಲಿ ಹೆಸರು ಗಳಿಸಿದರು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯ ಸೇರಿದರು. 1944ರಲ್ಲಿ ಟೆಕ್ಸಾಸ್‌ನಲ್ಲಿ, ಕರಿಯರೆಂಬ ಕಾರಣಕ್ಕೆ ಬಸ್ಸಿನ ಹಿಂಭಾಗಕ್ಕೆ ಹೋಗಬೇಕೆಂದಾಗ ಅವರು ಒಪ್ಪಲಿಲ್ಲ. ಸೈನಿಕ ನ್ಯಾಯಾಲಯದಲ್ಲಿ ವಿಚಾರಣೆ ನಡೆದು, ನಿರ್ದೋಷಿಯೆಂದು ಬಿಡುಗಡೆಯಾದರು. ಅನ್ಯಾಯಕ್ಕೆ ತಲೆಬಾಗುವ ಸ್ವಭಾವ ಅವರದಲ್ಲವೆಂಬುದನ್ನು ನಾವು ಇಲ್ಲಿ ಗಮನಿಸಬೇಕು.

1945ರಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಮುಖ್ಯಸ್ಥ ಬ್ರಾಂಚ್ ರಿಕಿ ಅವರನ್ನು ಆರಿಸಿದರು. ಆದರೆ ಯಾರು ಎಷ್ಟೇ ಅವಮಾನಿಸಿದರೂ ತಿರುಗಿ ಬೀಳಬಾರದೆಂಬ ಕಠಿಣ ನಿಬಂಧನೆಯನ್ನು ಹಾಕಿದರು. 1947ರ ಏಪ್ರಿಲ್ 15ರಂದು ರಾಬಿನ್ಸನ್ ಮೈದಾನಕ್ಕಿಳಿದರು. ಎದುರಾಳಿಗಳು ಹೀಯಾಳಿಸಿದರು; ಕೊಲೆ ಬೆದರಿಕೆಯ ಪತ್ರಗಳು ಬಂದವು; ಕೆಲವು ಹೋಟೆಲುಗಳು ಅವರಿಗೆ ಕೋಣೆ ಕೊಡಲಿಲ್ಲ. ಅವರು ದಾಂಡಿನಿಂದಲೂ ಕಾಲುಗಳಿಂದಲೂ ಉತ್ತರಿಸಿದರು. ಆ ವರ್ಷದ ಶ್ರೇಷ್ಠ ಹೊಸ ಆಟಗಾರರೆಂಬ ಪ್ರಶಸ್ತಿಯೂ, 1949ರಲ್ಲಿ ತಮ್ಮ ಲೀಗಿನ ಅತ್ಯುತ್ತಮ ಆಟಗಾರರೆಂಬ ಪ್ರಶಸ್ತಿಯೂ ಅವರಿಗೆ ದೊರೆತವು.

ಬ್ರೂಕ್ಲಿನ್ ನ್ಯೂಯಾರ್ಕ್ ನಗರದ ಒಂದು ಭಾಗ. ಅದೇ ನಗರದ ಯಾಂಕೀಸ್ ತಂಡ ಅವರಿಗೆ ದಾಯಾದಿಯಂತಿತ್ತು. ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯಲ್ಲಿ 1941, 1947, 1949, 1952, 1953 ಈ ಐದು ವರ್ಷಗಳಲ್ಲಿಯೂ ಡಾಡ್ಜರ್ಸ್ ಯಾಂಕೀಸ್‌ಗೆ ಸೋತಿತ್ತು. 1955ರಲ್ಲಿ ಮತ್ತೆ ಅವೆರಡೇ ಎದುರಾದವು.

ಬೇಸ್‌ಬಾಲ್‌ನಲ್ಲಿ ಆಟಗಾರನು ಮೂರು ನೆಲೆಗಳನ್ನು ದಾಟಿ, ಹೊರಟ ನೆಲೆಯನ್ನು ಮತ್ತೆ ಮುಟ್ಟಿದರೆ ಒಂದು ಓಟ. ಸೆಪ್ಟೆಂಬರ್ 28ರ ಮೊದಲ ಪಂದ್ಯದಲ್ಲಿ ಡಾಡ್ಜರ್ಸ್ ಎರಡು ಓಟಗಳಷ್ಟು ಹಿಂದಿತ್ತು. ಮೂರನೆಯ ನೆಲೆಯಲ್ಲಿದ್ದ 36 ವರ್ಷದ ರಾಬಿನ್ಸನ್, ಎದುರಾಳಿ ಚೆಂಡೆಸೆಯುವಷ್ಟರಲ್ಲಿ ಓಡಿ, ನೆಲದ ಮೇಲೆ ಜಾರಿ ಕೊನೆಯ ನೆಲೆಯನ್ನು ಮುಟ್ಟಿಯೇಬಿಟ್ಟರು. ಚೆಂಡು ಹಿಡಿದ ಯೋಗಿ ಬೆರ್ರಾ ಎಷ್ಟು ಪ್ರತಿಭಟಿಸಿದರೂ ತೀರ್ಪುಗಾರರು ಬದಲಾಗಲಿಲ್ಲ. ಆದರೂ ಡಾಡ್ಜರ್ಸ್ 5-6ರಿಂದ ಸೋತಿತು. ಎರಡನೆಯ ಪಂದ್ಯವನ್ನೂ ಸೋತು, ಮುಂದಿನ ಮೂರನ್ನು ಗೆದ್ದು, ಆರನೆಯದನ್ನು ಕಳೆದುಕೊಂಡು, ಅಕ್ಟೋಬರ್ 4ರಂದು ಏಳನೆಯ ಪಂದ್ಯವನ್ನು 2-0ಯಿಂದ ಗೆದ್ದು ಬ್ರೂಕ್ಲಿನ್‌ನ ಮೊದಲ ಪಟ್ಟವನ್ನು ಪಡೆಯಿತು. ಆ ಕೊನೆಯ ದಿನ ಆಡಿದವರಲ್ಲಿ ರಾಬಿನ್ಸನ್ ಇರಲಿಲ್ಲ! ಅವರ ಪ್ರಸಿದ್ಧ ಓಟ ಸೋತ ಪಂದ್ಯದ್ದು. ಗೆದ್ದ ಪಂದ್ಯದಲ್ಲಿ ಅವರು ಬರಿಯ ನೋಟಕರು. ಆದರೂ ಆ ಜಯದಲ್ಲಿ ಅವರ ಒಂಬತ್ತು ವರ್ಷಗಳ ಬೆವರಿತ್ತು.

1956ರ ಋತುವಿನ ಬಳಿಕ ನಿವೃತ್ತರಾಗಿ, ಅವರು ಕರಿಯರ ನಾಗರಿಕ ಹಕ್ಕುಗಳಿಗಾಗಿ ದುಡಿದರು. 1972ರ ಅಕ್ಟೋಬರ್ 24ರಂದು 53ನೆಯ ವಯಸ್ಸಿನಲ್ಲಿ ನಿಧನರಾದರು. 1997ರಲ್ಲಿ ಅವರ ಅಂಗಿಯ 42ನೆಯ ಸಂಖ್ಯೆಯನ್ನು ಎಲ್ಲ ದೊಡ್ಡ ತಂಡಗಳೂ ಅವರ ಗೌರವಾರ್ಥ ಮೀಸಲಿಟ್ಟವು.

ತಾಳಿದವನು ಬಾಳಿಯಾನು ಎಂದು ನಮ್ಮ ಹಿರಿಯರು ಹೇಳುತ್ತಾರೆ. ತಾಳ್ಮೆಯೆಂದರೆ ಹೇಡಿತನವಲ್ಲ, ದೊಡ್ಡ ಗುರಿಗಾಗಿ ಸಿಟ್ಟನ್ನು ಹಿಡಿದಿಡುವ ಬಲವೆಂಬುದನ್ನು ರಾಬಿನ್ಸನ್ನರ ಬಾಳಿನಿಂದ ನಾವು ಕಲಿಯಬಹುದು.